ಕೆಂಪ ಟಾಂಕಿ, ಬಿಳಿ ಟಾಂಕಿ

ಇಬ್ರಾಹಿಂಪುರ, ವಿಜಯಪುರ
ರವಿವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಮಗಳು ಸೈಮಾಗ,

ಅಸ್ಸಲಾಮು ಅಲೈಕುಮ್. ನಿನ್ನ ಅಬ್ಬಾನ ಸಾವಿರ ದುವಾ. ನಾವಿಬ್ಬರೂ ಆರಾಮ ಅದೇವಿ. ಥಂಡಿ ಬಿದ್ದ ಮ್ಯಾಲ ನಿಮ್ಮ ಅಮ್ಮೀ ಮಣಕಾಲ ನೋವು ಮತ್ತ ಎದ್ದೈತಿ, ಆದ್ರೂ ಬಗ್ಗಿ ನೆಲಾ ಒರಸೋದು ಬಿಡವೊಲ್ಲಳು. ನೀ ಪುಣೇದಾಗ ಸ್ವೆಟರ್ ಹಾಕ್ಕೊಂಡು ಅಡ್ಡಾಡು, ಹೊತ್ತಿಗೆ ಸರಿಯಾಗಿ ಉಣ್ಣು.

ಹದಿನೈದು ದಿನದಾಗ ನೀ ಆರು ಸಲ ಫೋನ್ ಮಾಡಿದಿ. ಆರೂ ಸಲ ನಾ "ಹೂಂ, ನೋಡೂಣು" ಅಂದು ಫೋನ್ ಅಮ್ಮೀ ಕೈಯಾಗ ಕೊಟ್ಟೆ. ತಪ್ಪಾತು, ಸಿಟ್ಟಾಗಬ್ಯಾಡ. ಫೋನಿನಾಗ ನನಗ ಸಿಟ್ಟು ಬರ್ತೈತಿ, ನೀ ಅಳ್ತಿ, ನಡುವ ಅಮ್ಮೀ ಬಾಯಿ ಹಾಕ್ತಾಳ, ಮಾತು ಎಲ್ಲೆಲ್ಲೋ ಹೋಗ್ತೈತಿ. ಅದಕ್ಕ ಕಾಗದ ಬರಿಯಾಕ ಕುಂತೇನಿ. ಮನ್ಯಾಗ ನಾವು ಉರ್ದು ಮಾತಾಡ್ತೇವಿ ಖರೆ, ಆದ್ರ ನಾ ಕಲ್ತಿದ್ದು ಕನ್ನಡ ಸಾಲ್ಯಾಗ. ಬರೀಬೇಕಂದ್ರ ನನಗ ಕನ್ನಡನ ಬೇಕು, ಬೈಬೇಕಂದ್ರೂ ಕನ್ನಡನ ಬೇಕು. ಈ ಕಾಗದದಾಗ ಎರಡೂ ಐತಿ.

ನೀ ಕೇಳಿದ್ದಕ್ಕ ಮೊದಲ ಉತ್ತರ ಕೊಡ್ತೇನಿ. ಬರೋ ತಿಂಗಳ ಹದಿನಾಲ್ಕಕ್ಕ ನಿಮ್ಮ ಕಂಪನಿಯವರು ವಿಜಯಪುರದಾಗ ಮಂಟಪ ಹಾಕಿ, ನನಗ ಶಾಲು ಹೊದಿಸಿ, "ಸ್ವದೇಶಿ ಡ್ರೋನ್ ಪಿತಾಮಹ" ಅಂತ ಬಿರುದು ಕೊಡೋರು. ಮಾನಪತ್ರ ಓದಾಕಿ ನೀನು. ಅಬ್ಬಾ, ಬರ್ತಿ ಇಲ್ಲೋ ಅಂತ ನೀ ಕೇಳ್ತಿ. ನಾ ಬರಂಗಿಲ್ಲ. ನೀನೂ ಆ ಮಾನಪತ್ರ ಓದಬಾರದು ಅಂತ ನನ್ನ ಅಪ್ಪಣಿ. ಅಪ್ಪಣಿ ಅನ್ನಾಕ ನನಗ ಹಕ್ಕ ಐತೋ ಇಲ್ಲೋ, ಪೂರಾ ಓದಿದ ಮ್ಯಾಲ ನೀನ ಹೇಳು.

ಪಿತಾಮಹ ಅಂತ! ಥೂ. ಐವತ್ತೆರಡು ವರ್ಷಕ್ಕ ನನ್ನ ಪಿತಾಮಹ ಮಾಡ್ಯಾರ. ಜೀವಂತ ಇದ್ದಾಂವನ ಗ್ವಾಡಿಗೆ ಫೋಟೋ ಮಾಡಿ ತೂಗುಬಿಡೋದು ಅಂದ್ರ ಇದ.

ಆ ಮಾನಪತ್ರ ನಾ ಆಗಲೇ ಕೇಳೇನಿ. ಹೋದ ವಾರ ಪ್ರಲ್ಹಾದ ಮಾಸ್ತರ ಬಂದಿದ್ರು, ನನಗ ಡಿಪ್ಲೊಮಾ ಕಲಿಸಿದವರು. ಕಂಪನಿಯವರು ಬರಿಯೋ ಕೆಲಸ ಅವರಿಗೆ ವಹಿಸ್ಯಾರ. ಅಮ್ಮೀ ಸೂಸಲಾ ಕೊಟ್ಳು, ಚಹಾ ಕೊಟ್ಳು. ಮಾಸ್ತರ ಚಷ್ಮಾ ಒರಸಿಕೊಂಡು, ಗಂಟಲು ಸರಿಮಾಡಿಕೊಂಡು, ನಿಂತ ಓದಿದ್ರು. "ಕನ್ನಡದ ನೆಲದಲ್ಲಿ ಯಂತ್ರಕ್ಕೆ ರೆಕ್ಕೆ ಹಚ್ಚಿದ ಧೀಮಂತರೇ!" ನಾ ನಮ್ಮ ಅಂಗಳದಾಗ ಕುಂತಾಂವ, ಲುಂಗಿ ಮ್ಯಾಲ ಇದ್ದೆ. ಧೀಮಂತನ ಬನಿಯನ್ ಹರದಿತ್ತು. ಅಲ್ಲಿ ತನಕ ನಗು ಬಂತು. ಆಮ್ಯಾಲ ಈ ಸಾಲು ಓದಿದ್ರು. ಅಕ್ಷರ ಅಕ್ಷರ ನನಗ ಬಾಯಿಪಾಠ ಆಗಿ ಕುಂತೈತಿ.

"೨೦೨೧ರಲ್ಲಿ ಒಬ್ಬ ನಿರ್ವಾಹಕನ ಅಜಾಗರೂಕತೆಯಿಂದ ಸಂಭವಿಸಿದ ಅವಘಡವನ್ನು ತಾವು ಧೈರ್ಯದಿಂದ ಎದುರಿಸಿ, ಸಂಸ್ಥೆಯ ಕೀರ್ತಿಯನ್ನು ಕಾಪಾಡಿದಿರಿ."

"ಹೆಂಗದಪಾ ಅಯೂಬ?" ಅಂತ ಕೇಳಿದ್ರು ಮಾಸ್ತರ. "ಇದನ್ನ ಸ್ಟೇಜ್ ಮ್ಯಾಲ ನಿನ್ನ ಮಗಳು ಓದಾಕಿ, ಗೊತ್ತದ ಏನು? ಮಂದಿ ಕಣ್ಣಾಗ ನೀರ ಬರಬೇಕು ನೋಡು, ಹಂಗ ಬರದೀನಿ."

ನಾ ಎದ್ದು ಹಿತ್ತಲಕ್ಕ ಹೋದೆ. ಅಲ್ಲಿ ನಿಮ್ಮ ಅಮ್ಮೀ ಬಚ್ಚಲಕ್ಕ ಫಿನೈಲ್ ಹಾಕಿ ತಿಕ್ಕಾಕತ್ತಿದ್ಳು. ಆ ವಾಸನಿ ಮೂಗಿಗೆ ಬಡದದ್ದ ತಡ, ಮೋರಿ ಹತ್ರ ಕುಂತು ಹೊಟ್ಟ್ಯಾಗಿಂದೆಲ್ಲಾ ಕಾರಿಕೊಂಡೆ. ಈ ನಾಲ್ಕು ವರ್ಷದಾಗ ಇದು ಎಷ್ಟನೇ ಸಲಾನೋ. ಮನ್ಯಾಗ ಫಿನೈಲ್ ತರಬ್ಯಾಡ ಅಂತ ಎಷ್ಟ ಹೇಳಿದ್ರೂ ಆಕಿ ಕೇಳಂಗಿಲ್ಲ. "ಬಸುರಿ ಹೆಂಗಸಿನಂಗ ಮಾಡ್ತೀರಲ್ರಿ, ಎಷ್ಟನೇ ತಿಂಗಳು?" ಅಂತ ನಗ್ತಾಳ. ಮಾಸ್ತರಿಗೆ ಹೊಟ್ಟಿ ಸರಿ ಇಲ್ಲ ಅಂತ ಹೇಳಿ ಕಳಿಸಿದೆ.

ಸೈಮಾ, ನೀ ಕಂಪನಿಗೆ ಸೇರಿ ಎರಡು ವರ್ಷ ಆತು. ಮಾಲ್ ತಪಾಸ ಮಾಡೋ ವಿಭಾಗದಾಗ ಇದ್ದಿ. ನಿನಗ ಗೊತ್ತಿದ್ದದ್ದನ್ನ ನಾ ಹೇಳಬೇಕಾಗಿಲ್ಲ. ಆದ್ರ ಮೊದಲ ಹೆಂಗಿತ್ತು ಅನ್ನೋದು ನಿನಗ ಅರ್ಧಾ ಮರತಿರಬೇಕು, ನೀ ಆವಾಗ ಸಣ್ಣಾಕಿ.

ರೈಲ್ವೆ ಹಳಿ ಬಾಜೂಕ ನಮ್ಮ ಅಪ್ಪ, ನಿಮ್ಮ ದಾದಾ ಹುಸೇನಸಾಬರ ತಗಡಿನ ಶೆಡ್ಡು. ಸುಟ್ಟ ಪಂಪ್‌ಸೆಟ್ಟಿಗೆ ಹೊಸ ತಾಮ್ರದ ತಂತಿ ಸುತ್ತೋ ಕೆಲಸ. ನಾ ಇಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿ ಬಂದು ಅಲ್ಲೇ ಕುಂತೆ. "ಓದಿದ ಮಗ ತಂತಿ ಸುತ್ತಾಕತ್ತಾನ" ಅಂತ ಮಂದಿ ನಕ್ಕರು, ನಗವಲ್ಲರ್ಯಾಕ ಅಂತ ಬಿಟ್ಟೆ. ಹೊಲಕ್ಕ ಔಷಧಾ ಹೊಡಿಯೋ ಹೊರಗಿನ ದೇಶದ ಡ್ರೋನ್ ಒಂದು ಕೆಟ್ಟು ರಿಪೇರಿಗೆ ಬಂತು. ಅದರ ಮೋಟರ್ ಬಿಚ್ಚಿ ನೋಡಿದ್ರ ಒಳಗ ಏನೈತಿ? ಅದ ತಾಮ್ರ, ಅದ ಸುತ್ತು. "ಭಾಯ್, ಇದನ್ನ ನಾ ಕಣ್ಣ ಮುಚ್ಚಿ ಸುತ್ತತೇನ್ರಿ" ಅಂದ ಜಿಲಾನಿ. ನಮ್ಮ ಜಿಲಾನಿ, ನಿನಗ ಸೈಕಲ್ ಕಲಿಸಿದ ಜಿಲಾನಿ ಕಾಕಾ. ನಮ್ಮ ಮೊದಲನೇ ಡ್ರೋನಿನ ನಾಲ್ಕೂ ಮೋಟರ್ ಅಂವ ತನ್ನ ಕೈಲೆ ಸುತ್ತಿದ. ಆಮ್ಯಾಲ ನಿಖತ ಬಂದ್ಳು, ಓಣಿಯ ಮತ್ತ ಹತ್ತು ಹೆಣ್ಮಕ್ಕಳು ಬಂದ್ರು, ಎಲ್ಲಾರಿಗೂ ಸುತ್ತೋದು ಕಲಿಸಿದಾಂವ ಅವನ. ಡ್ರೋನಿನಾಗಿನ ಬೋರ್ಡು ನಾ ಮಾಡಿದೆ, ಕಾಲು ಕೈ ನಮ್ಮಲ್ಲೇ ಬೆಸಿಗಿ ಹಾಕಿದ್ವಿ. ಸ್ವದೇಶಿ ಅನ್ನೋ ಶಬ್ದ ನಮ್ಮ ಬಾಯಾಗ ಒಂದಿನಾನೂ ಬಂದಿರಲಿಲ್ಲ. ಹೊರಗಿಂದ ತರಸಾಕ ಆಗ್ತಿರಲಿಲ್ಲ, ಅದಕ್ಕ ಮಾಡಿದ್ವಿ, ಅಷ್ಟ.

ಹಾರಿಸಾಕ ಜಾಗಾ ಕೊಟ್ಟಾಕಿ ಬಿಜ್ಜರಗಿ ರುದ್ರವ್ವ. ಟಿಕೋಟಾ ದಾಟಿ ಹೋದ್ರ ಆಕಿ ಎರಡೆಕ್ರೆ ದ್ರಾಕ್ಷಿ. ನಿಮ್ಮ ದಾದಾನ ಕಾಲದಿಂದ ಆಕಿ ಪಂಪಿನ ಮೋಟರ್ ನಮ್ಮಲ್ಲೇ ಬರ್ತಿತ್ತು. ಮೊದಲನೇ ದಿನ ಡ್ರೋನ್ ಹಾರಿ ಹಂದರದ ತಂತಿಗೆ ಬಡದು, ಮೂರು ಬಳ್ಳಿ ಕತ್ತರಿಸಿ ಬಿತ್ತು. ನಾನು, ಜಿಲಾನಿ ಇಬ್ಬರೂ ಕಳ್ಳರಂಗ ನಿಂತ್ವಿ. "ಎಲ್ಲೋ ಯಪ್ಪಾ, ನಿನ್ನ ಗುಂಗಿಹುಳಕ್ಕ ಕಣ್ಣಿಲ್ಲೇನೋ?" ಅಂತ ನಕ್ಕು, ರೊಟ್ಟಿ ಶೇಂಗಾ ಹಿಂಡಿ ಕೊಟ್ಟು ಕಳಿಸಿದ್ಳು. ಆವತ್ತಿಂದ ನಮ್ಮ ಡ್ರೋನಿಗೆ ಗುಂಗಿ ಅಂತನ ಹೆಸರು. ಕಂಪನಿಯವರು ಕೊಂಡ ಮ್ಯಾಲ ಆ ಹೆಸರು ತಗದು "ವಾಯುಮಿತ್ರ" ಅಂತ ಇಟ್ರಲ್ಲ, ಅದನ್ನ ಕೇಳಿ ರುದ್ರವ್ವ ಏನಂದ್ಳು ಗೊತ್ತೇನು? "ಹೆಸರ ಬದಲಿಸಿದ್ರ ಹುಳಕ್ಕ ಕಣ್ಣ ಬರ್ತಾವೇನೋ?"

ಎರಡು ಟಾಂಕಿ ಮಾಡೋ ಬುದ್ಧಿ ಕೊಟ್ಟಾಕಿನೂ ಆಕಿನ. ಕಸ ಸುಡೋ ಎಣ್ಣಿ, ಅಂದ್ರ ಕಳೆನಾಶಕ, ಹೊಡಿಯೋ ಕ್ಯಾನಿಗೆ ಆಕಿ ಮನ್ಯಾಗ ಒಂದು ಕೆಂಪ ಅರಬಿ ಚಿಂದಿ ಕಟ್ಟಿರ್ತಿದ್ರು. ಆ ಕ್ಯಾನ್ ದನದ ಕೊಟ್ಟಿಗ್ಯಾಗ ಇರಬೇಕು, ದ್ರಾಕ್ಷಿ ತ್ವಾಟದ ಬದು ಸೈತ ದಾಟಬಾರದು. ನಾ ಓದಿದಾಂವ, ಕೇಳಿದೆ: "ಯವ್ವಾ, ತೊಳದ್ರ ಆಗಂಗಿಲ್ಲೇನು?" ಆಕಿ ನನ್ನ ಹುಚ್ಚನ್ನ ನೋಡಿದಂಗ ನೋಡಿದ್ಳು. ಬಾಜೂ ಹೊಲದ ಮಲ್ಲಿನಾಥ ಹಂಗ ತೊಳದು ಹೊಡದು, ಒಂದು ಸಾಲು ಬಳ್ಳಿ ಸುಟ್ಟುಕೊಂಡಿದ್ದನ್ನ ಕೈ ಹಿಡದು ಕರಕೊಂಡು ಹೋಗಿ ತೋರಿಸಿದ್ಳು. "ಕಬ್ಬು ತಡೀತೈತಿ, ಜ್ವಾಳ ತಡೀತೈತಿ. ದ್ರಾಕ್ಷಿ ಆ ಎಣ್ಣಿ ವಾಸನಿ ಬಡದ್ರ ಸಾಯ್ತೈತಿ" ಅಂದ್ಳು. ಮನಿಗೆ ಬಂದು ಪರೀಕ್ಷಾ ಮಾಡಿದೆ. ಮೂರು ಸಲ ತೊಳದೆ, ಐದು ಸಲ ತೊಳದೆ, ರಬ್ಬರ್ ಪೈಪು ಆ ಎಣ್ಣಿ ಕುಡದು ಹಿಡಕೊಂಡ ಇರ್ತೈತಿ. ಅವತ್ತ ಕಾಯಿದೆ ಮಾಡಿದೆ. ಕಸಕ್ಕ ಕೆಂಪ ಟಾಂಕಿ, ಬಳ್ಳಿಗೆ ಬಿಳಿ ಟಾಂಕಿ. ಪೈಪು ಬ್ಯಾರೆ, ಪಂಪ್ ಬ್ಯಾರೆ. ಕೆಂಪ ಟಾಂಕಿ ಹೋದ ಗಾಡ್ಯಾಗ ಬಿಳಿ ಟಾಂಕಿ ಹೋಗಬಾರದು. ನನ್ನ ಇಂಜಿನಿಯರಿಂಗಿನಾಗ ಹೆಮ್ಮಿ ಪಡೋ ಕೆಲಸ ಯಾವುದು ಅಂತ ಕೇಳಿದ್ರ ಬೋರ್ಡೂ ಅಲ್ಲ, ಮೋಟರೂ ಅಲ್ಲ, ಆ ಕೆಂಪ ಅರಬಿ.

ಕಂಪನಿ ಬಂತು. ಅರುಣಕುಮಾರ ಬಂದ. ನಿಮ್ಮ ಡೈರೆಕ್ಟರ್ ಸಾಹೇಬ ಆವಾಗ ಮಾರಾಟದ ಮುಖ್ಯಸ್ಥ. ಭಾಳ ಸಂಭಾವಿತ, ಎಂದೂ ದನಿ ಎತ್ತಲಿಲ್ಲ. ಶೆಡ್ಡು ದೊಡ್ಡದಾತು, ನಲವತ್ತು ಹೆಣ್ಮಕ್ಕಳಿಗೆ ಕೆಲಸ ಆತು, ನನಗ ಕುರ್ಚಿ ಆತು. ಒಂದಿನ ಅಂದ: "ಅಯೂಬ್ ಸರ್, ಎರಡು ಟ್ಯಾಂಕ್ ಅಂದ್ರೆ ರೈತರಿಗೆ ಗೊಂದಲ, ಭಾರನೂ ಜಾಸ್ತಿ. ಒಂದೇ ಇರಲಿ. ಮೂರು ಸಲ ತೊಳೆಯಿರಿ ಅಂತ ಪುಸ್ತಕದಲ್ಲಿ ಬರೆದರಾಯ್ತು." ನಾ ಆಗಂಗಿಲ್ಲ ಅಂದೆ. ಎರಡನೇ ಸಲ ಆಗಂಗಿಲ್ಲ ಅಂದೆ. ಮೂರನೇ ಸಲಕ್ಕ ಏಳು ಮಂದಿ ಮೀಟಿಂಗಿನಾಗ ಮೊಬೈಲಿನಂಥಾದ್ದೊಂದು ಮುಂದ ಹಿಡದ್ರು, ಒಂದ ಟಾಂಕಿಗೆ ಒಪ್ಪಿಗಿ ಅಂತ ಅದರ ಮ್ಯಾಲ ಬೆರಳಿಲೆ ಸಹಿ. ಏಳನೇ ಸಹಿ ನಂದು. ಬಿಸ್ಕೀಟ ತಿನಕೋತ ಮಾಡಿದೆ ಅಂತ ಚಲೋ ನೆನಪೈತಿ.

ಮುಂದಿಂದು ನಿನಗ ಗೊತ್ತೈತಿ. ೨೦೨೧ರ ಡಿಸೆಂಬರ್. ಹೊಸ ಒಂಟಿ ಟಾಂಕಿ ಡ್ರೋನ್ ಎರಡ ಬಂದಿದ್ವು. ಬಬಲೇಶ್ವರದಾಗ ಕಬ್ಬಿಗೆ ಕಸದ ಎಣ್ಣಿ ಹೊಡದು ಅರುಣಕುಮಾರ ವಿಡಿಯೋ ಮಾಡಿಸಿದ. ಮರುದಿನ ಅದ ಡ್ರೋನ್ ಗಾಡ್ಯಾಗ ಹಾಕ್ಕೊಂಡು ಜಿಲಾನಿ ಒಬ್ಬನ ಬಿಜ್ಜರಗಿಗೆ ಹೋದ. ಮೋಡ ಮುಚ್ಚಿತ್ತು. ಅಂಥಾ ಹವಾಕ್ಕ ದ್ರಾಕ್ಷಿಗೆ ದಾವಣಿ ರೋಗ ಒಂದ ದಿನದಾಗ ಹತ್ತತೈತಿ, ಅವತ್ತ ಔಷಧಾ ಹೊಡೀಬೇಕಿತ್ತು. ಅಂವ ಹೊಡದ. ನಾಲ್ಕನೇ ದಿನಕ್ಕ ರುದ್ರವ್ವನ ಎರಡೆಕ್ರೆ ಬಳ್ಳಿ ಎಲಿ ಬೀಸಣಿಕಿಯಂಗ ಸುಕ್ಕಾದ್ವು, ಕುಡಿ ಡೊಂಕಾದ್ವು, ಹೂವಿನ ಗೊಂಚಲ ಕೈ ಹಚ್ಚಿದ್ರ ಉದುರಿದ್ವು. ಆ ವರ್ಷ ಹಣ್ಣಾಗಲಿಲ್ಲ, ಮುಂದಿನ ವರ್ಷಾನೂ ಬಳ್ಳಿ ಏಳಲಿಲ್ಲ. ಬೇರು ಸಮೇತ ಕಿತ್ತರು.

ಕಂಪನಿ ತನಿಖಿ ಮಾಡ್ತು. "ಟಾಂಕಿ ಸರಿಯಾಗಿ ತೊಳೆದಿಲ್ಲ, ತಪ್ಪು ನನ್ನದು" ಅಂತ ಜಿಲಾನಿ ಬರದು ಕೊಟ್ಟ. ನಿರ್ವಾಹಕನ ತಪ್ಪು ಅಂತ ವರದಿ ಆತು, ಅದರ ಕೆಳಗೂ ನನ್ನ ಸಹಿ. ಆ ದಿನ ನಾ ಹೈದರಾಬಾದಿಗೆ ಹೋಗಿದ್ದೆ ಅಂತ ವರದಿಯಾಗ ಐತಿ. ನಿನಗೂ, ನಿಮ್ಮ ಅಮ್ಮೀಗೂ ಅದ ಗೊತ್ತಿರೋದು. ಜಿಲಾನಿಯ ಹಾರಿಸೋ ಲೈಸೆನ್ಸ್ ಹೋತು, ಕೆಲಸ ಹೋತು. ಈಗ ರೈಲ್ವೆ ಗೇಟಿನ ಹತ್ರ ಮಿಕ್ಸರ್, ಫ್ಯಾನ್ ರಿಪೇರಿ ಮಾಡ್ತಾನ. ನಾಡಿನ ಮೊದಲನೇ ಗುಂಗಿಗೆ ಮೋಟರ್ ಸುತ್ತಿದ ಕೈ ಅದು. ನಿಮ್ಮ ಮಾನಪತ್ರದಾಗ ಅಂವ "ಒಬ್ಬ ನಿರ್ವಾಹಕ". ಅವಂಗ ಒಂದು ಹೆಸರೂ ಇಲ್ಲ.

ಅದಾದ ಮ್ಯಾಲ ಬಂದ ರಮಜಾನ್ ಹಬ್ಬಕ್ಕ ಅಂವ ಶೀರಖುರ್ಮಾ ಡಬ್ಬಿ ಹಿಡಕೊಂಡು ನಮ್ಮ ಬಾಗಲಕ್ಕ ಬಂದಿದ್ದ, ನೆನಪೈತೇನು? ನೀ ಕಾಲೇಜಿನ ಹುಡುಗಿ, ಸಿಟ್ಟು ಮೂಗಿನ ತುದೀ ಮ್ಯಾಲ. "ಕಾಕಾ, ನಮ್ಮ ಅಬ್ಬಾನ ಹೆಸರು ಮಣ್ಣಪಾಲು ಮಾಡಿದ್ರಿ, ಮತ್ತ ಯಾವ ಮೋತಿ ಹೊತ್ತು ಬಂದೀರಿ?" ಅಂದಿ. ಅಂವ ಡಬ್ಬಿ ಕಟ್ಟಿ ಮ್ಯಾಲ ಇಟ್ಟು, ತಲಿ ಬಗ್ಗಿಸಿ ಹೋದ. ಅದಾದ ಮ್ಯಾಲ ನಮ್ಮ ಮನಿಗೆ ಬಂದಿಲ್ಲ.

ಇನ್ನ ಕಂಪನಿ ಮಾತು. ಮಾಸ್ತರ ಬಂದು ಹೋದ ಮರುದಿನ, ಮಾನಪತ್ರದ ಆ ಸಾಲು ತಗೀರಿ ಅಂತ ಕೇಳಾಕ ನಾ ಕಾರಖಾನಿಗೆ ಹೋದೆ. ಕೆಲಸ ಬಿಟ್ಟು ಮೂರು ವರ್ಷದ ಮ್ಯಾಲ ಮೊದಲನೇ ಸಲ. ಸುತ್ತೋ ಹಾಲಿಗೆ ಹೋದ್ರ ತಾಮ್ರದ ವಾಸನೀನ ಇಲ್ಲ, ಥಿನ್ನರ್ ನಾತ ಹೊಡೀತಿತ್ತು. ನಲವತ್ತು ಹೆಣ್ಮಕ್ಕಳು ಸಾಲಾಗಿ ಕುಂತು, ಪರದೇಶದ ಮೋಟರಿನ ಮ್ಯಾಲಿನ ಅಕ್ಷರಾ ಅರಬೀಲೆ ತಿಕ್ಕಿ ತಗೀತಿದ್ರು. ಕಡೀ ಟೇಬಲ್ಲಿಗೆ ನಮ್ಮ ನಿಖತ. ಸುತ್ತು ಎಷ್ಟಾದ್ವು ಅಂತ ಬೆರಳಿಲೆ ಹೇಳ್ತಿದ್ದಾಕಿ, ಈಗ "ಸ್ವದೇಶಿ" ಅಂತ ತ್ರಿವರ್ಣದ ಸ್ಟಿಕರ್ ಹಚ್ಚಾಕತ್ತಿದ್ಳು. ನನ್ನ ನೋಡಿ ಎದ್ದ ನಿಂತ್ಳು. "ಚಾಚಾ, ಕೈಯೆಲ್ಲಾ ಸೀಳ್ಯಾವ ನೋಡ್ರಿ" ಅಂತ ಅಂಗೈ ತೋರಿಸಿದ್ಳು. ಅರುಣಕುಮಾರ ಹಿಂದಿನಿಂದ ಬಂದು ಹೆಗಲ ಮ್ಯಾಲ ಕೈ ಇಟ್ಟು, "ಜೋಡಣೆ ಇಲ್ಲೇ ಆಗ್ತದಲ್ಲ ಸರ್, ಅಷ್ಟು ಸಾಕು" ಅಂದ. ಸಾಲು ತಗಿಯೋ ಮಾತಿಗೆ ನಕ್ಕ. "ಸರ್, ಆ ಸಾಲು ನಿಮ್ಮನ್ನೇ ಕಾಪಾಡ್ತದೆ."

ಹೇಸಿಗಿ ಬಂತು ಸೈಮಾ. ಅವನ ಕೈ ನನ್ನ ಹೆಗಲ ಮ್ಯಾಲ ಇತ್ತಲ್ಲ, ಮನಿಗೆ ಬಂದು ಆ ಅಂಗಿ ಬಿಚ್ಚಿ ಬಚ್ಚಲದಾಗ ಒಗದೆ. ಆದ್ರ ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡ್ರಂತ, ಹಂಗಾತು ನನ್ನ ಪಾಡು. ಅವನ ಮಾತಿನಾಗ ಸುಳ್ಳು ಇರಲಿಲ್ಲ.

ಅಲ್ಲಿಂದ ಮನಸು ತಡೀಲಿಲ್ಲ. ಮೊನ್ನೆ ಗುರುವಾರ ಬಸ್ ಹತ್ತಿ ಬಿಜ್ಜರಗಿಗೆ ಹೋಗಿದ್ದೆ, ನಾಲ್ಕು ವರ್ಷದಾಗ ಮೊದಲನೇ ಸಲ. ದ್ರಾಕ್ಷಿ ಇದ್ದಲ್ಲಿ ಈಗ ಬಿಳಿಜ್ವಾಳ. ಹಂದರದ ಕಲ್ಲಕಂಬ ಬದುವಿಗೆ ಒಟ್ಟ್ಯಾರ. ರುದ್ರವ್ವ ಆಡಿಗೆ ಸೊಪ್ಪ ಹಾಕಾಕತ್ತಿದ್ಳು. ನನ್ನ ನೋಡಿ ಕಣ್ಣಿಗೆ ಕೈ ಅಡ್ಡ ಹಿಡದು, "ಗುಂಗಿ ಮನಿಯಾಂವ ಬಂದೇನೋ ಯಪ್ಪಾ?" ಅಂದ್ಳು. ಕಾಲ ಮುಟ್ಟಾಕ ಬಗ್ಗಿದ್ರ ಹಿಂದ ಸರದ್ಳು. ಮಜ್ಜಿಗಿ ತಂದು ಕೊಟ್ಳು. ಬಳ್ಳಿ ಮಾತು ನಾನ ತಗದೆ. "ಬಳ್ಳಿ ಹೋದ್ರ ಮತ್ತ ಹಚ್ಚಾಕ ಬರ್ತೈತೋ" ಅಂದ್ಳು. ಇನ್ನೂ ಒಂದು ಮಾತು ಅಂದ್ಳು. ಅದನ್ನ ಬರಿಯಾಕ ಈಗ ಕೈ ಏಳವೊಲ್ಲದು.

ಇಷ್ಟು ಸಾಕು ಅನಸ್ತೈತಿ. ನಾ ಬರಂಗಿಲ್ಲ ಅಂತ ಕಂಪನಿಗೆ ಬರದು ಹಾಕೇನಿ. ನಾ ಬರದಿದ್ರ ನಿನ್ನ ಮ್ಯಾಲ ಸಿಟ್ಟು ಮಾಡ್ತಾರ, ನೌಕರೀಗೂ ಕುತ್ತು ಬರಬಹುದು, ಅದು ನನಗ ಗೊತ್ತೈತಿ. ನಿನ್ನ ಕೇಳಿ ಮಾಡಲಿಲ್ಲ. ಕೇಳಿದ್ರ ಧೈರ್ಯ ಹೋಗ್ತಿತ್ತು. ಆದ್ರ ನನ್ನ ಹೊಗಳಾಕ ನಿನ್ನ ಬಾಯಿಲೆ ಜಿಲಾನೀನ ಬೈಸೋದು, ಅದು ನನ್ನ ಕೈಲೆ ಆಗಂಗಿಲ್ಲವ್ವಾ. ಒಂದು ಸಲ ಆಗೈತಿ, ಸಾಕು.

ಅಲ್ಲಾಹ ನಿನಗ ಚಲೋ ಬುದ್ಧಿ, ಚಲೋ ಆಯುಷ್ಯ ಕೊಡ್ಲಿ. ನೀ ಸಹಿ ಮಾಡೋ ಪ್ರತಿ ಕಾಗದಾನೂ ಎರಡು ಸಲ ಓದು. ಬಿಸ್ಕೀಟ ತಿನ್ನೋವಾಗ ಸಹಿ ಮಾಡಬ್ಯಾಡ. ಅಮ್ಮೀ ನಿನಗ ಶೇಂಗಾ ಹೋಳಗಿ ಕಟ್ಟಿ ಇಟ್ಟಾಳ, ಮುಂದಿನ ವಾರ ಕಳಸ್ತಾಳ.

ನಿನ್ನ ಅಬ್ಬಾ,
ಅಯೂಬ

ತಾ.ಕ.: ಲಕೋಟಿ ಅಂಟಿಸಿ ಎರಡು ದಿನ ಇಟ್ಕೊಂಡಿದ್ದೆ, ಇವತ್ತ ಮತ್ತ ಹರದೆ. ರುದ್ರವ್ವನ ಇನ್ನೊಂದು ಮಾತು ಬರೀದ ಕಳಿಸಿದ್ರ ಈ ಕಾಗದಾನೂ ಆ ವರದಿಯಂಥಾದ್ದ ಆಗ್ತೈತಿ. ಆಕಿ ಅಂದದ್ದು ಇದು: "ಬಳ್ಳಿ ಹೋದ್ರ ಮತ್ತ ಹಚ್ಚಾಕ ಬರ್ತೈತೋ, ಮನಷ್ಯಾನ ಹಚ್ಚಾಕ ಬರಂಗಿಲ್ಲ. ಅವತ್ತೂ ನನ್ನ ಕೈಯಾನ ಮಜ್ಜಿಗಿ ಕುಡದು ನೀನ ಪೈಪ್ ಹಿಡದಿದ್ದೆಲ್ಲೋ ಅಯೂಬಾ, ಯಾರರ ಬಂದು ಕೇಳ್ತಾರೇನೋ ಅಂತ ನಾ ದಾರಿ ನೋಡಿದೆ. ಯಾರೂ ಕೇಳಲಿಲ್ಲ."

ಹೈದರಾಬಾದಿಗೆ ನಾ ಹೋಗಿದ್ದು ಸಂಜೀ ಗಾಡಿಗೆ. ಮುಂಜಾನೆ ನಾ ಬಿಜ್ಜರಗ್ಯಾಗ ಇದ್ದೆ. ಹೊಸ ಡ್ರೋನ್ ರುದ್ರವ್ವನ ತ್ವಾಟದಾಗ ಹಾರೋದನ್ನ ನೋಡಬೇಕಂತ ನನ್ನ ಪಾಡಿಗೆ ನಾ ಹೋಗಿದ್ದೆ. ಜಿಲಾನಿ ಗಾಡಿ ಬಾಗಲಾ ತಗದಾಗ ಫಿನೈಲಿನಂಥಾ ನಾತ ಬಂತು, ಅದು ಕಸದ ಎಣ್ಣಿ ನಾತ. ಅಂವ ನನ್ನ ಮೋತಿ ನೋಡಿ ಕೇಳಿದ, "ಭಾಯ್, ಬಿಳಿ ಟಾಂಕಿ ಎಲ್ಲೈತ್ರಿ?" ಎರಡು ಟಾಂಕಿ ಹಳೇ ಗುಂಗಿ ಬಾಜೂ ಊರು ಕನಮಡ್ಯಾಗ ಇತ್ತು. ತರಸಾಕ ಎರಡು ತಾಸು ಸಾಕಿತ್ತು. ಆದ್ರ ತರಸಿದ್ರ ನಾ ಮಾಡಿದ ಸಹಿ ತಪ್ಪು ಅಂತ ನಾನ ಒಪ್ಪಿದಂಗ ಆಗ್ತಿತ್ತು. "ಮೂರು ಸಲ ತೊಳದ್ರ ಸಾಕಲೇ, ತೊಳಿ" ಅಂದೆ. ಅಂವ ತೊಳದ, ನಾ ಪೈಪ್ ಹಿಡದೆ. ಮೂರೂ ಸಲ. ನಾಲ್ಕನೇ ಸಲ ತೊಳೀಲೇನ್ರಿ ಅಂತ ಕೇಳಿದ, ಮೋಡ ಕಟ್ಟೈತಿ, ಮಳಿ ಬರೋದರಾಗ ಹಾರಿಸು ಅಂತ ನಾ ಬೈದೆ. ತೊಳದ್ರ ಹೋಗಂಗಿಲ್ಲ ಅಂತ ಇಡೀ ನಾಡಿನಾಗ ಪರೀಕ್ಷಾ ಮಾಡಿ ತಿಳಕೊಂಡಾಂವ ನಾ ಒಬ್ಬನ.

"ನಿಮ್ಮ ಹೆಸರು ಹೋದ್ರ ಶೆಡ್ಡು ಹೋಗ್ತೈತ್ರಿ ಭಾಯ್, ನಲವತ್ತು ಒಲಿ ಆರ್ತಾವ" ಅಂತ ಅಂವ ಆ ಕಾಗದ ಬರದು ಕೊಟ್ಟ. ನಾ ಬರೀಬ್ಯಾಡ ಅನ್ನಲಿಲ್ಲ. ನೀ ಬಾಗಲದಾಗ ನಿಂತು ಅವಂಗ ಬೈಯೋವಾಗ ನಾ ಒಳಗಿನ ಖೋಲ್ಯಾಗ ಇದ್ದೆ, ಎಲ್ಲಾ ಕೇಳಿದೆ, ಹೊರಗ ಬರಲಿಲ್ಲ. ಅಂವ ಇಟ್ಟು ಹೋದ ಶೀರಖುರ್ಮಾ ಆಮ್ಯಾಲ ಎದ್ದು ಬಂದು ತಿಂದೆ. ಅರುಣಕುಮಾರನ ಮ್ಯಾಲ ನನಗ ಹೇಸಿಗಿ ಬರ್ತೈತಿ ಅಂತ ಮ್ಯಾಲ ಬರದೇನಲ್ಲ, ಅದಕ್ಕಿಂತ ಹೆಚ್ಚಿನ ಹೇಸಿಗಿ ಇದು.

ನಿನ್ನೆ ಮಿಕ್ಸರ್ ಅಂಗಡಿಗೆ ಹೋಗಿದ್ದೆ. ನಡದದ್ದೆಲ್ಲಾ ಬರದು ತಂದೇನಿ, ಕಂಪನಿಗೆ ಸ್ಪೀಡ್ ಪೋಸ್ಟ್ ಮಾಡ್ತೇನಿ ಅಂದೆ. ಅಂವ ಸ್ಕ್ರೂಡ್ರೈವರ್ ಕೆಳಗ ಇಟ್ಟು, "ಬ್ಯಾಡ್ರಿ ಭಾಯ್, ಸೈಮಾನ ನೌಕರಿ ಹೋಗ್ತೈತಿ" ಅಂದ. ಅವನ ಬಾಯಿಲೆ ನಿನ್ನ ಹೆಸರು ಬಂದಾಗ ನಾ ಅಲ್ಲಿಂದ ಸೀದಾ ಪೋಸ್ಟ್ ಆಫೀಸಿಗೆ ಹೋದೆ. ಈ ಕಾಗದ ನಿನಗ ಮುಟ್ಟೋದರಾಗ ಅದು ಅವರ ಕೈಯಾಗ ಇರ್ತೈತಿ.

ನೀ ಊರಿಗೆ ಬಂದಾಗ ಗೇಟಿನ ಹತ್ರ ಇಳಿ. ಮೊದಲ ಕಾಕಾನ ಕಡೆ ಹೋಗು. ಆಮ್ಯಾಲ ಮನಿಗೆ ಬಾ, ಬರಬೇಕು ಅನಿಸಿದ್ರ.